ಹಾಗ, ವೀಸ ಮತ್ತು ಯಂತ್ರಗಣಿತ

ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ ಪ್ರಾಚೀನರಲ್ಲಿ ರಾಜಾದಿತ್ಯನು ಅಗ್ರಗಣ್ಯನೆಂಬುದು ವಾಚಕರಿಗೆ ವಿದಿತವೇ ಇದೆ. ಕ್ರಿ. ಶ. ೧೨ನೆಯ ಶತಮಾನದ ಈ ಜೈನ ವಿದ್ವಾಂಸನ ಊರಾದ ಪೂವಿನಬಾಗೆಯು ಇಂದಿನ ರಾಯಬಾಗವೆಂದು ಸಂಶೋಧಕರು ಗುರುತಿಸಿರುತ್ತಾರೆ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರಟೀಕೋದಾಹರಣ ಎಂಬ ಆರು ಗ್ರಂಥಗಳು ಆತನ ಹೆಸರಿನಲ್ಲಿವೆ. ಅದೇ ರಾಯಬಾಗದಲ್ಲಿಯೂ ನೆರೆಯ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳಲ್ಲಿಯೂ ಇಂದು ಗಣಕಯಂತ್ರದ ಭಾಷೆಗಳನ್ನು ಕಲಿಯುವ ತರುಣರಿದ್ದಾರೆ. ಅವರಿಗೆ ಮೊದಮೊದಲು ತೊಡಕಾಗುವ ವಿಷಯಗಳು ಎರಡು: ‘ಸ್ಟ್ರಕ್ಟ್’ ಎಂಬ ರಚನೆಗೆ ‘ಮೆಥಡ್’ ಎಂಬ ವಿಧಿಯನ್ನು ಜೋಡಿಸುವುದು ಒಂದು, ‘ಫ್ಲೋಟ್’ ಎಂಬ ಚಲಬಿಂದು ಸಂಖ್ಯೆಗಳನ್ನು ಬಳಸುವುದು ಇನ್ನೊಂದು. ಇವೆರಡರ ಹಿಂದಿನ ವಿಚಾರವು ನಮ್ಮ ಗಣಿತಪರಂಪರೆಗೆ ಅಪರಿಚಿತವಲ್ಲವೆಂದೂ, ಆ ಪರಂಪರೆಯ ಒಂದು ವಿವೇಕವನ್ನು ಮರೆತರೆ ಲೆಕ್ಕದಲ್ಲಿ ಹಾನಿಯುಂಟೆಂದೂ ತೋರಿಸುವುದೇ ಈ ಲೇಖನದ ಉದ್ದೇಶವು.

ಮೊದಲು ರಚನೆಯ ವಿಚಾರ. ಡೆನ್ನಿಸ್ ರಿಚಿಯು ೧೯೭೨ರ ಸುಮಾರಿಗೆ ರೂಪಿಸಿದ ‘ಸಿ’ ಭಾಷೆಯಲ್ಲಿ ಸ್ಟ್ರಕ್ಟ್ ಎಂಬುದು ಕೇವಲ ಅವಯವಗಳ ಗಂಟು. ಅದನ್ನು ಕುರಿತ ವಿಧಿಗಳು ಹೊರಗೆ ಬೇರೆಯಾಗಿರುತ್ತಿದ್ದವು. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಪಡೆದ ‘ರಸ್ಟ್’ ಭಾಷೆಯಲ್ಲಿ ಅವಯವಗಳನ್ನು ಹೇಳಿದ ತರುವಾಯ ‘ಇಂಪ್ಲ್’ ಎಂಬ ಪ್ರಕರಣದಲ್ಲಿ ಆ ವಸ್ತುವಿಗೆ ಸಲ್ಲುವ ವಿಧಿಗಳನ್ನು ಹೇಳಬಹುದು. ‘ಸೆಲ್ಫ್’ ಎಂಬ ಪದವು ಆ ವಸ್ತುವನ್ನೇ ನಿರ್ದೇಶಿಸುತ್ತದೆ. ನಮ್ಮ ಕ್ಷೇತ್ರಗಣಿತವನ್ನು ಓದಿದವರಿಗೆ ಈ ಕ್ರಮವು ಹೊಸದೆನಿಸಲಾರದು. ಭುಜ, ಕೋಟಿ, ಕರ್ಣಗಳೆಂಬ ಅವಯವಗಳಿಂದ ಕ್ಷೇತ್ರವನ್ನು ನಿರೂಪಿಸಿ, ಆ ಕ್ಷೇತ್ರಕ್ಕೇ ಸಲ್ಲುವ ಕರಣಸೂತ್ರವನ್ನು ಹೇಳುವುದು ಪ್ರಾಚೀನರ ಪದ್ಧತಿ. ತ್ರಿಭುಜದ ಸೂತ್ರವನ್ನು ವೃತ್ತಕ್ಕೆ ಹಚ್ಚಬಾರದೆಂಬ ನಿಯಮವನ್ನು ಅಲ್ಲಿ ಗುರುವು ಕಾಯುತ್ತಿದ್ದನು. ಇಲ್ಲಿ ಭಾಷೆಯೇ ಕಾಯುತ್ತದೆ.

ಇನ್ನು ಸಂಖ್ಯೆಯ ವಿಚಾರ. ರಾಷ್ಟ್ರಕೂಟ ಅಮೋಘವರ್ಷನ (೮೧೪–೮೭೮) ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ವ್ಯವಹಾರಕ್ಕೆ ಪರಿಧಿಯು ವ್ಯಾಸದ ಮೂರು ಪಾಲು; ಸೂಕ್ಷ್ಮಕ್ಕೆ ಹತ್ತರ ವರ್ಗಮೂಲದಷ್ಟು ಪಾಲು. ಎರಡನೆಯದೂ ಪೂರ್ಣಸತ್ಯವಲ್ಲವೆಂದು ಇಂದು ನಾವು ಬಲ್ಲೆವು. ಆದರೆ ಇಲ್ಲಿ ಗಮನಿಸತಕ್ಕ ಅಂಶವು ಬೇರೆ. ಸ್ಥೂಲವಾದ ಫಲಕ್ಕೆ ಸ್ಥೂಲವೆಂಬ ಹೆಸರನ್ನು ಕೊಟ್ಟೇ ಆಚಾರ್ಯನು ಅದನ್ನು ಶಿಷ್ಯನ ಕೈಗಿತ್ತನು.

ಯಂತ್ರದ ಚಲಬಿಂದು ಸಂಖ್ಯೆಯು ಇಂತಹ ವ್ಯಾವಹಾರಿಕ ಸಂಖ್ಯೆಯೇ ಆಗಿದೆ. ಮೂಲಾಂಕವೊಂದನ್ನೂ ಅದರ ಸ್ಥಾನವನ್ನು ತಿಳಿಸುವ ಘಾತವೊಂದನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಇದರ ಕ್ರಮ. ಜರ್ಮನಿಯ ಕೊನ್ರಾಡ್ ತ್ಸೂಸೆಯು ೧೯೪೧ರಲ್ಲಿ ಪೂರ್ಣಗೊಳಿಸಿದ ಯಂತ್ರದಲ್ಲಿ ಈ ಕ್ರಮವಿತ್ತು. ೧೯೮೫ರಲ್ಲಿ ಇದಕ್ಕೆ ಸರ್ವಮಾನ್ಯವಾದ ಮಾನಕವು ಏರ್ಪಟ್ಟಿತು. ಆ ಮಾನಕದ ೬೪ ದ್ವಿಮಾನಾಂಕಗಳಲ್ಲಿ ಒಂದು ಧನಋಣಚಿಹ್ನೆಗೆ, ೧೧ ಘಾತಕ್ಕೆ, ಉಳಿದ ೫೨ ಭಿನ್ನಾಂಶಕ್ಕೆ ಸಲ್ಲುತ್ತವೆ. ಯಂತ್ರವು ಎರಡನ್ನೇ ಆಧಾರವಾಗಿ ಉಳ್ಳದ್ದರಿಂದ ಅರ್ಧ, ಅರ್ಧದ ಅರ್ಧ ಎಂದು ಇಳಿಯುತ್ತ ಹೋಗುವ ಭಿನ್ನಗಳನ್ನು ಮಾತ್ರ, ಅವುಗಳ ಮೊತ್ತಗಳನ್ನೂ ಕೂಡಿಕೊಂಡು, ಲೋಪವಿಲ್ಲದೆ ಹಿಡಿದಿಡಬಲ್ಲದು.

ಈ ಭಿನ್ನಗಳಾದರೋ ನಮ್ಮ ನಾಡಿನ ಹಳೆಯ ಭಿನ್ನಗಳೇ ಆಗಿವೆ! ಅರೆ, ಕಾಲು, ಅರೆಕಾಲು, ವೀಸ, ಅರೆವೀಸ ಎಂಬ ಕನ್ನಡ ಶಬ್ದಗಳು ಕ್ರಮವಾಗಿ ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡರಲ್ಲಿ ಒಂದು ಪಾಲನ್ನು ಸೂಚಿಸುತ್ತವೆ. ಶಾಸನಗಳಲ್ಲಿ ಹಣಕ್ಕಿಂತ ಕೆಳಗೆ ಬರುವ ಹಾಗವು ಅದರ ಕಾಲುಭಾಗ, ವೀಸವು ಹದಿನಾರನೆಯ ಭಾಗ. ಮುಂದೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ನಾಲ್ಕು ಪೈಸೆ ಎಂಬ ಲೆಕ್ಕವೂ, ಸೇರಿಗೆ ಹದಿನಾರು ಛಟಾಕೆಂಬ ತೂಕವೂ ಇದೇ ವಂಶದವು. ಗಡಿಭಾಗದ ಮರಾಠಿ ಶಾಲೆಗಳಲ್ಲಿ ಬಾಯಿಪಾಠವಾಗುತ್ತಿದ್ದ ಪಾವಕಿ, ನಿಮಕಿಗಳೂ ಕಾಲು ಅರೆಗಳ ಮಗ್ಗಿಗಳೇ. ಒಂದಾಣೆಯನ್ನು ಯಂತ್ರದಲ್ಲಿ ಹದಿನಾರು ಬಾರಿ ಕೂಡಿಸಿದರೆ ಪೂರ್ಣ ಒಂದು ರೂಪಾಯಿಯೇ ಬರುತ್ತದೆ. ‘ಹದಿನಾರಾಣೆ ಸತ್ಯ’ ಎಂಬ ನಮ್ಮ ಮಾತು ಅಲ್ಲಿಯೂ ಸತ್ಯವಾಗಿಯೇ ಉಳಿಯುತ್ತದೆ.

ಆದರೆ ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಯು ನೂರು ಪೈಸೆಗಳಾಗಿ ವಿಭಾಗವಾಯಿತು. ಇದರಿಂದ ಮನುಷ್ಯನ ಲೆಕ್ಕವು ಸುಲಭವಾಯಿತೆಂಬುದರಲ್ಲಿ ಸಂಶಯವಿಲ್ಲ. ದ್ವಿಮಾನಯಂತ್ರಕ್ಕೆ ಮಾತ್ರ ಹತ್ತನೆಯ ಒಂದು ಪಾಲು ಸಲ್ಲದ ಭಿನ್ನವಾಗಿದೆ. ಅದನ್ನು ಎರಡರ ಆಧಾರದಲ್ಲಿ ಬರೆಯಹೊರಟರೆ ೦೦೧೧ ಎಂಬ ಅಂಕೆಗಳು ಕೊನೆಯಿಲ್ಲದೆ ಆವರ್ತಿಸುತ್ತವೆ. ಯಂತ್ರವು ಎಲ್ಲಿಯೋ ಒಂದೆಡೆ ನಿಲ್ಲಿಸಲೇಬೇಕಾಗುತ್ತದೆ. ಆದಕಾರಣ ಹತ್ತು ಪೈಸೆಯನ್ನು ರೂಪಾಯಿಯ ಚಲಬಿಂದು ಭಿನ್ನವಾಗಿಟ್ಟು ಹತ್ತು ಬಾರಿ ಕೂಡಿಸಿದಲ್ಲಿ ಒಂದು ರೂಪಾಯಿಗೆ ಬದಲಾಗಿ, ಬಿಂದುವಿನ ಮುಂದೆ ಹದಿನಾರು ಒಂಬತ್ತುಗಳುಳ್ಳ ಸಂಖ್ಯೆಯು ಬರುತ್ತದೆ. ವ್ಯತ್ಯಾಸವು ಅಣುಮಾತ್ರವಾದರೂ ‘ಸಾಲವು ತೀರಿತೇ?’ ಎಂದು ಸಮತೆಯನ್ನು ಕೇಳಿದಾಗ ಯಂತ್ರವು ‘ಇಲ್ಲ’ ಎನ್ನುವುದು. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಾಗಲಿ ಕಬ್ಬಿನ ಬಟವಾಡೆಯಲ್ಲಾಗಲಿ ಇಂತಹ ಲೆಕ್ಕವನ್ನು ನಂಬಿ ಕುಳಿತ ರೈತನಿಗೂ ಕೂಲಿಯವನಿಗೂ ಆ ‘ಇಲ್ಲ’ವು ಅಣುಮಾತ್ರವಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹಳೆಯ ಮಾನವೆಲ್ಲವೂ ಎರಡರ ವಂಶದ್ದೇನು? ಅಲ್ಲ. ಆಣೆಗೆ ಹನ್ನೆರಡು ಪೈ ಎಂಬ ವಿಭಾಗದಲ್ಲಿ ಮೂರು ಸೇರಿಕೊಂಡಿದೆ. ರೂಪಾಯಿಯ ೧೯೨ರಲ್ಲಿ ಒಂದು ಪಾಲಾದ ಪೈಯನ್ನು ಯಂತ್ರವು ಪೂರ್ಣವಾಗಿ ಹಿಡಿಯಲಾರದು. ಹೀಗಿರಲು ಹಳೆಯದು ಮೇಲು, ಹೊಸದು ಕೀಳು ಎಂಬುದು ನಮ್ಮ ಸಿದ್ಧಾಂತವಲ್ಲ. ಪ್ರತಿಯೊಂದು ಆಧಾರಕ್ಕೂ ಸಲ್ಲುವ ಭಿನ್ನಗಳೂ ಸಲ್ಲದವೂ ಇರುತ್ತವೆಂಬುದಷ್ಟೇ ಸಿದ್ಧಾಂತವು.

ಸಲ್ಲದುದನ್ನು ಸಲ್ಲದೆಂದು ಹೇಳುವ ಧೈರ್ಯವೂ ಪ್ರಾಚೀನರಲ್ಲಿತ್ತು. ಋಣರಾಶಿಯು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ಹೇಳಿದನು. ಇಂದಿನ ಮಾನಕವೂ ಋಣರಾಶಿಯ ಮೂಲವನ್ನು ಕೇಳಿದರೆ ‘ಸಂಖ್ಯೆಯಲ್ಲ’ ಎಂಬ ವಿಶೇಷ ಚಿಹ್ನೆಯನ್ನು ಕೊಡುತ್ತದೆ. ಆ ಚಿಹ್ನೆಯು ತನಗೆ ತಾನೂ ಸಮವಲ್ಲ. ಆದ್ದರಿಂದಲೇ ರಸ್ಟ್ ಭಾಷೆಯು ಚಲಬಿಂದು ಸಂಖ್ಯೆಗಳಿಗೆ ಪೂರ್ಣಸಮತೆಯ ಲಕ್ಷಣವನ್ನು ಒಪ್ಪದೆ ಆಂಶಿಕ ಸಮತೆಯನ್ನು ಮಾತ್ರ ಒಪ್ಪುತ್ತದೆ. ಸೊನ್ನೆಯಿಂದ ಭಾಗಿಸಿದ ರಾಶಿಯು ಮಾರ್ಪಡದೆಂದ ಮಹಾವೀರನ ಮತವು ನಿಲ್ಲಲಿಲ್ಲ. ಅದನ್ನು ಖಹರವೆಂದು ಕರೆದು ಅನಂತವೆಂದ ಭಾಸ್ಕರಾಚಾರ್ಯನ ಮತಕ್ಕೆ ಮಾನಕವು ಸಮೀಪವಾಗಿದೆ.

ಈ ಎಲ್ಲ ವಿಚಾರದಿಂದ ಫಲಿಸುವುದೇನೆಂದರೆ, ದುಡ್ಡಿನ ಲೆಕ್ಕಕ್ಕೆ ಚಲಬಿಂದುವು ತಕ್ಕದ್ದಲ್ಲ. ಪೈಸೆಗಳನ್ನು ಪೂರ್ಣಾಂಕವಾಗಿ ಹೊತ್ತ ಒಂದು ರಚನೆಯನ್ನು ಮಾಡಿ, ಆ ಅವಯವವನ್ನು ಹೊರಗಿನವರು ಮುಟ್ಟದಂತೆ ಮುಚ್ಚಿ, ಕೂಡುವುದು ಕಳೆಯುವುದು ಬಡ್ಡಿ ಕಟ್ಟುವುದು ಎಲ್ಲವನ್ನೂ ಅದರ ವಿಧಿಗಳಿಗೇ ಒಪ್ಪಿಸತಕ್ಕದ್ದು. ಬಡ್ಡಿಯಲ್ಲಿ ಪೈಸೆಯ ಭಿನ್ನವುಂಟಾದಾಗ ಮೇಲಕ್ಕೋ ಕೆಳಕ್ಕೋ ಎಂಬ ನಿರ್ಣಯವು ಒಂದೇ ವಿಧಿಯಲ್ಲಿ, ಎಲ್ಲರಿಗೂ ಕಾಣುವಂತೆ ಇರತಕ್ಕದ್ದು. ಹೊಲದ ಅಳತೆ, ಮಳೆಯ ಪ್ರಮಾಣ ಮೊದಲಾದ ಸ್ವಭಾವತಃ ಸ್ಥೂಲವಾದ ಮಾನಗಳಿಗೆ ಚಲಬಿಂದುವು ಧಾರಾಳವಾಗಿ ಸಾಲುತ್ತದೆ.

ರಾಜಾದಿತ್ಯನ ಗ್ರಂಥವೊಂದರ ಹೆಸರಿನಲ್ಲಿಯೇ ಸೂತ್ರ, ಟೀಕೆ, ಉದಾಹರಣೆಗಳ ಕ್ರಮವು ಅಡಗಿದೆ. ಅದೇ ಕ್ರಮದಲ್ಲಿ, ಹಾಗ ವೀಸಗಳ ಉದಾಹರಣೆಯಿಂದ ಈ ಯಂತ್ರಗಣಿತವನ್ನು ಆತನ ನಾಡಿನ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಬೋಧಿಸಬಹುದು. ಸ್ಥೂಲಕ್ಕೆ ವ್ಯಾವಹಾರಿಕವೆಂಬ ಹಳೆಯ ಹೆಸರನ್ನೇ ಉಳಿಸಬಹುದು. ಉಪಾಧ್ಯಾಯರೂ ವಿದ್ವಾಂಸರೂ ಈ ಪರಿಭಾಷೆಯನ್ನು ಪರಾಮರ್ಶಿಸಿ ತಿದ್ದಿ ಬೆಳೆಸುವರೆಂದು ಆಶಿಸುತ್ತೇನೆ.