ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಮತ್ತು ಉತ್ತರಿಸದ ಚಿಪ್: ಎಸ್‌ಸಿಕೆ ವೇಗ ಕುರಿತು

1. ವ್ಯಾಪ್ತಿ

ಥಾಮಸ್ ಫಿಶ್ಲ್ ರೂಪಿಸಿದ ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್‌ನಲ್ಲಿ ಮೇಲಿಂದ ಮೇಲೆ ಎದುರಾಗುವ ಒಂದು ತೊಡಕಿಗೆ ಈ ಟಿಪ್ಪಣಿ ಸೀಮಿತ. ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪನ್ನು ಸರಾಗವಾಗಿ ಓದುವ ಸಾಧನ, ಅದೇ ಮಾದರಿಯ ಹೊಸ ಬಿಡಿ ಚಿಪ್ಪನ್ನು ಓದದಿರಬಹುದು. ಆಗ ಎವಿಆರ್‌ಡ್ಯೂಡ್ ತಂತ್ರಾಂಶ ‘ಟಾರ್ಗೆಟ್ ಉತ್ತರಿಸುತ್ತಿಲ್ಲ’ ಎಂದಷ್ಟೇ ತಿಳಿಸುತ್ತದೆ. ಚಿಪ್ ಸುಟ್ಟಿದೆ ಎನ್ನಲು ಇಷ್ಟೇ ಸಾಕ್ಷ್ಯ ಸಾಲದು.

2. ಕ್ಲಾಕ್

ಕಾರ್ಖಾನೆಯಿಂದ ಬರುವಾಗ ಈ ಚಿಪ್‌ನ ಲೋ ಫ್ಯೂಸ್ ಹೆಕ್ಸ್ 62. ಅಂದರೆ 8 ಮೆಗಾಹರ್ಟ್ಸ್‌ನ ಆಂತರಿಕ ಆಸಿಲೇಟರ್ ಎಂಟರಿಂದ ಭಾಗವಾಗಿ ಚಿಪ್ 1 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಕ್ಲಾಕ್ 12 ಮೆಗಾಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಪ್ರೋಗ್ರಾಮರ್ ಕೊಡುವ ಸೀರಿಯಲ್ ಕ್ಲಾಕ್ ಆದ ಎಸ್‌ಸಿಕೆಯ ಹೈ, ಲೋ ಅವಧಿಗಳು ತಲಾ ಎರಡು ಕ್ಲಾಕ್ ಸೈಕಲ್‌ಗಿಂತ ಹೆಚ್ಚಿರಬೇಕು ಎನ್ನುತ್ತದೆ ಡೇಟಾಶೀಟ್. ಆದ್ದರಿಂದ ಹೊಸ ಚಿಪ್‌ಗೆ ಮಿತಿ 250 ಕಿಲೋಹರ್ಟ್ಸ್‌ನ ಒಳಗೆ. ಪ್ರೋಗ್ರಾಮರ್‌ನ ಸಹಜ ವೇಗವೋ 375. ಊನೊದ್ದು 16 ಮೆಗಾಹರ್ಟ್ಸ್ ಆದ್ದರಿಂದ ಅಲ್ಲಿ ಈ ತೊಡಕಿಲ್ಲ. ಚಿಪ್‌ನ ಕ್ಲಾಕ್ ಎಷ್ಟಕ್ಕಿಂತ ಕಡಿಮೆಯಿದ್ದರೆ ವೇಗ ಇಳಿಸಬೇಕು ಎಂಬುದಕ್ಕೆ ಫಿಶ್ಲ್ ಸೂಚಿಸುವ 1.5 ಮೆಗಾಹರ್ಟ್ಸ್ ಗಡಿ ಈ ಲೆಕ್ಕಕ್ಕೆ ಹೊಂದುತ್ತದೆಯಾದರೂ, ‘ಹೆಚ್ಚಿರಬೇಕು’ ಎಂಬ ಷರತ್ತಿನಿಂದಾಗಿ ಸರಿಯಾಗಿ ಗಡಿಯಲ್ಲಿ ಏನೂ ಮೀಸಲು ಉಳಿಯುವುದಿಲ್ಲ.

3. ವೇಗ ಇಳಿಸುವುದು

ಪ್ರೋಗ್ರಾಮರ್‌ನ ಜೆಪಿ3 ಜಂಪರ್ ಹಾಕಿದರೆ ವೇಗ ಸುಮಾರು 8 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಎವಿಆರ್‌ಡ್ಯೂಡ್‌ನ ದೊಡ್ಡಕ್ಷರದ ‘-ಬಿ 10’ ಆಯ್ಕೆ ಇನ್ನೊಂದು ದಾರಿ. 10 ಮೈಕ್ರೋಸೆಕೆಂಡಿಗೆ 100 ಕಿಲೋಹರ್ಟ್ಸ್ ಆಗಬೇಕು. ಸಾಧನ ತನ್ನಲ್ಲಿರುವ ಹಂತಗಳಲ್ಲಿ 93.75ನ್ನು ಆಯ್ದುಕೊಳ್ಳುತ್ತದೆ. ಹಳೆಯ ಫರ್ಮ್‌ವೇರ್ ಇರುವ ತದ್ರೂಪಿ ಸಾಧನಗಳು ಎಸ್‌ಸಿಕೆ ಅವಧಿ ಹೊಂದಿಸಲಾಗದು ಎಂಬ ಎಚ್ಚರಿಕೆ ಕೊಡುತ್ತವೆ. ಅದು ವೈಫಲ್ಯವಲ್ಲ. ಆದರೆ ಅಂಥ ಸಾಧನಗಳಲ್ಲಿ ‘-ಬಿ’ ಫಲಿಸದು, ಜೆಪಿ3 ಬೇಕೇಬೇಕು.

4. ವೋಲ್ಟೇಜ್

3.3/5 ವೋಲ್ಟ್ ಜಂಪರ್ ಇರುವ ಹಲವು ತದ್ರೂಪುಗಳಲ್ಲಿ ಬದಲಾಗುವುದು ವಿಸಿಸಿ ಮಾತ್ರ. ಸಿಗ್ನಲ್ ತಂತಿಗಳು 5 ವೋಲ್ಟ್‌ನಲ್ಲೇ ಉಳಿಯಬಹುದು. ರೀಸೆಟ್ ಬಿಟ್ಟು ಉಳಿದ ಪಿನ್‌ಗಳ ಪರಮ ಮಿತಿ ವಿಸಿಸಿಗಿಂತ 0.5 ವೋಲ್ಟ್ ಹೆಚ್ಚು, ಅಂದರೆ ವಿಸಿಸಿ 3.3 ಇದ್ದಾಗ 3.8. ಚಿಪ್ ಜೋಡಿಸುವ ಮೊದಲೇ ಮಲ್ಟಿಮೀಟರ್‌ನಿಂದ ಅಳೆಯುವುದು ಒಳಿತು.

5. ಉಳಿದ ಸಾಧ್ಯತೆಗಳು

ಪ್ರೋಗ್ರಾಮಿಂಗ್ ಆರಂಭಿಸುವ ಆದೇಶ ಹೆಕ್ಸ್‌ನಲ್ಲಿ ಎಸಿ 53 00 00. ಮೂರನೆಯ ಬೈಟ್ ಹೋಗುವಾಗ ಚಿಪ್ 53ನ್ನು ಮರಳಿಸಬೇಕು. ನಿಧಾನ ವೇಗದಲ್ಲೂ ಅದು ಬಾರದಿದ್ದರೆ, ತಂತಿ ಜೋಡಣೆ ಸರಿಯಿದೆಯೆಂದು ಖಚಿತವಾದ ಮೇಲೆ ಫ್ಯೂಸ್‌ಗಳನ್ನು ಶಂಕಿಸಬಹುದು. ಕ್ರಿಸ್ಟಲ್ ಇಲ್ಲದೆಡೆ ಕ್ರಿಸ್ಟಲ್ ಫ್ಯೂಸ್ ಬರೆದಿದ್ದರೆ ಎಕ್ಸ್‌ಟಾಲ್1 ಪಿನ್‌ಗೆ ಹೊರಗಿನಿಂದ ಕ್ಲಾಕ್ ಕೊಟ್ಟು ಚೇತರಿಸಿಕೊಳ್ಳುವ ಸಾಧ್ಯತೆಯಿದೆ. ರೀಸೆಟ್ ಪಿನ್ ನಿಷ್ಕ್ರಿಯವಾಗಿದ್ದರೆ ಯುಎಸ್‌ಬಿಎಎಸ್‌ಪಿ ಸಾಲದು. 12 ವೋಲ್ಟ್‌ನ ಪ್ಯಾರಲಲ್ ಪ್ರೋಗ್ರಾಮಿಂಗ್ ಬೇಕು. ಸಿಗ್ನೇಚರ್ 1ಇ 95 0ಎಫ್ ಬದಲು 1ಇ 95 14 ಬಂದರೆ ಅದು ‘ಪಿ’ ಇಲ್ಲದ ಎಟಿಮೆಗಾ328. ಆಗ ಎವಿಆರ್‌ಡ್ಯೂಡ್‌ನ ‘-ಎಫ್’ ಆಯ್ಕೆಯಿಂದ ಸಿಗ್ನೇಚರ್ ತಪಾಸಣೆ ದಾಟದೆ ಆದೇಶದಲ್ಲಿನ ಚಿಪ್ ಹೆಸರನ್ನೇ ತಿದ್ದಬೇಕು.