ತಟ್ಟೆಗಳನ್ನು ಕಾಪಾಡಿದ ಕಾಫಿ ಅಂಗಡಿಗಳು

ಕಾಫಿ ಅಂಗಡಿಯೆಂದರೆ ನಮಗೆ ಹರಟೆಯ ಜಾಗ. ಟೋಕಿಯೋದ ಶಿಬುಯಾದಲ್ಲಿರುವ 'ಲಯನ್' ಎಂಬ ಅಂಗಡಿಯಲ್ಲಿ ಹರಟುವಂತಿಲ್ಲ. ಅಲ್ಲಿನ ಕುರ್ಚಿಗಳೆಲ್ಲ ಎತ್ತರದ ಮರದ ಸ್ಪೀಕರುಗಳ ಕಡೆಗೆ ಮುಖ ಮಾಡಿವೆ, ಗರ್ಭಗುಡಿಯ ಮುಂದೆ ಕುಳಿತ ಭಕ್ತರ ಹಾಗೆ. 1926ರಲ್ಲಿ ಶುರುವಾದ ಈ ಅಂಗಡಿ ಯುದ್ಧಕಾಲದ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, 1950ರಲ್ಲಿ ಮತ್ತೆ ಎದ್ದಿತು. ಇಲ್ಲಿ ಕೇಳಿಸುವುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಕಾಫಿ ಬರಿಯ ನೆಪ.

ಜಪಾನೀ ಭಾಷೆಯಲ್ಲಿ 'ಕಿಸ್ಸಾ' ಎಂದರೆ ಚಹಾ ಕುಡಿಯುವುದು. ಜಾಝ್ ಕೇಳಿಸುವ ಅಂಗಡಿಗಳಿಗೆ 'ಜಾಝ್ ಕಿಸ್ಸಾ' ಎಂಬ ಹೆಸರು ಬಂತು. ಯೋಕೊಹಾಮಾ ಬಂದರಿನ ನೋಗೆ ಬಡಾವಣೆಯಲ್ಲಿ ಯೋಶಿದಾ ಮಾಮೋರು 1933ರಲ್ಲಿ ತೆರೆದ 'ಚಿಗುಸಾ' ಇವುಗಳಲ್ಲಿ ಪ್ರಸಿದ್ಧವಾದದ್ದು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜಾಝ್ ಶತ್ರುವಿನ ಸಂಗೀತವಾಯಿತು. 1943ರಲ್ಲಿ ಸರ್ಕಾರ ಅಮೆರಿಕ ಮತ್ತು ಬ್ರಿಟನ್ನಿನ ಹಾಡುಗಳನ್ನು ನಿಷೇಧಿಸಿತು. 1945ರ ಮೇ 29ರಂದು ಅಮೆರಿಕದ ವಿಮಾನಗಳು ಯೋಕೊಹಾಮಾವನ್ನು ಸುಟ್ಟವು. ಚಿಗುಸಾದ ತಟ್ಟೆಗಳೂ ಬೂದಿಯಾದವು. ಅಮೆರಿಕದ ಸಂಗೀತವನ್ನು ಪ್ರೀತಿಸಿದ ಅಂಗಡಿಯನ್ನು ಮೊದಲು ಸ್ವಂತ ಸರ್ಕಾರ ಬಾಯಿ ಮುಚ್ಚಿಸಿತು, ಆಮೇಲೆ ಅಮೆರಿಕವೇ ಸುಟ್ಟಿತು.

ಯುದ್ಧ ಮುಗಿದ ಮೇಲೆ ಯೋಶಿದಾ ಮತ್ತೆ ಬಾಗಿಲು ತೆರೆದರು. ಗೆಳೆಯರು, ಗಿರಾಕಿಗಳು ತಂದುಕೊಟ್ಟ ತಟ್ಟೆಗಳಿಂದ ಕಪಾಟು ತುಂಬತೊಡಗಿತು. ಅಮೆರಿಕದ ಸೇನೆ ತನ್ನ ಸೈನಿಕರ ಮನರಂಜನೆಗೆಂದೇ ಒತ್ತಿಸಿದ 'ವಿ-ಡಿಸ್ಕ್'ಗಳೂ ಅದರಲ್ಲಿ ಸೇರಿದವು. ಪಿಯಾನೋ ಕಲಾವಿದೆ ಅಕಿಯೋಶಿ ತೋಶಿಕೋ, ಸ್ಯಾಕ್ಸೊಫೋನ್ ವಾದಕ ವತಾನಾಬೆ ಸದಾವೋ ಇಲ್ಲಿಗೆ ಬಂದು ಕೇಳಿ ಕಲಿತವರು. ಅಕಿಯೋಶಿ 1956ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತಶಾಲೆಗೆ ಹೋದರು. ಗುರು ಸಮುದ್ರದಾಚೆ ಇದ್ದ ಕಾಲದಲ್ಲಿ ತಟ್ಟೆಯೇ ಗುರುವಾಗಿತ್ತು.

ಆಗ ವಿದೇಶದಿಂದ ಬಂದ ಒಂದು ಎಲ್‌ಪಿ ಕೊಳ್ಳುವುದು ವಿದ್ಯಾರ್ಥಿಗಳ ಕೈಗೆಟಕದ ಮಾತು. ಕೊಂಡರೂ ಒಳ್ಳೆಯ ಯಂತ್ರ ಬೇಕು. ತೆಳು ಗೋಡೆಯ ಬಾಡಿಗೆ ಕೋಣೆಯಲ್ಲಿ ಅದನ್ನು ಜೋರಾಗಿ ಹಾಕುವುದೆಲ್ಲಿ? ಒಂದು ಕಪ್ ಕಾಫಿಯ ದುಡ್ಡಿಗೆ ಗಂಟೆಗಟ್ಟಲೆ ಕೂರಬಹುದಾದ ಈ ಅಂಗಡಿ ಅವರ ಪಾಲಿಗೆ ಗ್ರಂಥಾಲಯವಾಯಿತು. ಮೌನದ ನಿಯಮವೂ ಗ್ರಂಥಾಲಯದ್ದೇ. 1961ರ ಜನವರಿಯಲ್ಲಿ ಆರ್ಟ್ ಬ್ಲೇಕಿಯ ತಂಡ ಜಪಾನಿಗೆ ಬಂದು ಹೋದ ಮೇಲಂತೂ ಜಾಝ್ ಹುಚ್ಚು ಎಲ್ಲೆಡೆ ಹಬ್ಬಿತು. ಕಾದಂಬರಿಕಾರನಾಗುವ ಮುಂಚೆ ಹರುಕಿ ಮುರಕಮಿ ಕೂಡ 1974ರಲ್ಲಿ 'ಪೀಟರ್ ಕ್ಯಾಟ್' ಎಂಬ ಜಾಝ್ ಅಂಗಡಿ ತೆರೆದವನೇ.

ಈ ಅಂಗಡಿಗಳಿಗೆ ಏಟು ಬಿದ್ದದ್ದೂ ಜಪಾನಿನ ಕಾರ್ಖಾನೆಗಳಿಂದ. 1979ರಲ್ಲಿ ಸೋನಿಯ ವಾಕ್‌ಮನ್ ಬಂತು, 1982ರಲ್ಲಿ ಸಿ.ಡಿ. ಬಂತು. ಸಂಗೀತ ಅಗ್ಗವಾಗಿ ಕಿವಿಯೊಳಗೇ ಸೇರಿದ ಮೇಲೆ ಅಂಗಡಿಗೆ ಹೋಗುವ ಅಗತ್ಯ ಕಡಿಮೆಯಾಯಿತು. ಒಂದೊಂದಾಗಿ ಬಾಗಿಲು ಮುಚ್ಚಿದವು. ಚಿಗುಸಾ 2007ರಲ್ಲಿ ಮುಚ್ಚಿತು. ಆದರೆ 2012ರಲ್ಲಿ ಅದರ ಅಭಿಮಾನಿಗಳೇ ಸೇರಿ ಮತ್ತೆ ತೆರೆದರು. ಆ ಹೊತ್ತಿಗೆ ಯಾರಿಗೂ ಹಾಡಿನ ಬರವಿರಲಿಲ್ಲ. ಹಾಗಿದ್ದೂ ತೆರೆದರೆಂದರೆ, ಬರಗಾಲದಲ್ಲಿ ಹುಟ್ಟಿದ ಅಂಗಡಿ ಬೇರೊಂದು ಹಸಿವನ್ನೂ ತಣಿಸುತ್ತಿತ್ತು ಎಂದಾಯಿತು. ಇನ್ನೊಬ್ಬರ ಪಕ್ಕ ಕುಳಿತು, ಇನ್ನೊಬ್ಬರು ಆರಿಸಿದ್ದನ್ನು ಕೇಳುವ ಹಸಿವು ಅದು.

ಇಂದು ಜಪಾನಿನ ಓಣಿಗಳಲ್ಲಿ ಉಳಿದಿರುವ ಹತ್ತು ಹನ್ನೆರಡು ಆಸನದ ಬಾರುಗಳಲ್ಲೂ ಇದೇ ರೂಢಿ ಮುಂದುವರಿದಿದೆ. ಮಾಲೀಕನನ್ನು ಎಲ್ಲರೂ 'ಮಾಸ್ಟರ್' ಎನ್ನುತ್ತಾರೆ. ಅವನ ಬೆನ್ನ ಹಿಂದೆ ಗೋಡೆ ತುಂಬ ತಟ್ಟೆಗಳು. ಒಂದನ್ನು ಆರಿಸಿ, ಧೂಳು ಒರೆಸಿ, ಮುಳ್ಳು ಇಳಿಸಿ, ಹೊದಿಕೆಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಾನೆ. ಒಂದು ಬದಿ ಮುಗಿಯಲು ಸುಮಾರು 20 ನಿಮಿಷ. ಅಷ್ಟು ಹೊತ್ತು ಹಾಡನ್ನು ದಾಟಿಸಿ ಮುಂದಿನದಕ್ಕೆ ಹೋಗುವ ಗುಂಡಿ ಯಾರ ಕೈಯಲ್ಲೂ ಇರುವುದಿಲ್ಲ.