ಹತ್ತು ಸೆಕೆಂಡಿನ ಪೆಟ್ಟಿಗೆ

1987ರಲ್ಲಿ ಕ್ಯಾಲಿಫೋರ್ನಿಯಾದ ಈ-ಮು ಎಂಬ ಕಂಪನಿ ಎಸ್‌ಪಿ-1200 ಎಂಬ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ನೋಡಲು ಅಂಗಡಿಯ ಗಲ್ಲೆಯ ಮೇಲಿಡುವ ಲೆಕ್ಕದ ಯಂತ್ರದಂಥ ಪೆಟ್ಟಿಗೆ, ಅದರ ಮೇಲೆ ಬೆರಳಿನಿಂದ ಒತ್ತುವ ಎಂಟು ಗುಂಡಿಗಳು. ಯಾವ ಧ್ವನಿಯನ್ನು ಕೇಳಿಸಿದರೂ ಅದು ನೆನಪಿಟ್ಟುಕೊಂಡು ಗುಂಡಿ ಒತ್ತಿದಾಗ ಮರಳಿ ನುಡಿಸುತ್ತಿತ್ತು. ಆದರೆ ಅದರ ನೆನಪು ಒಟ್ಟು 10 ಸೆಕೆಂಡಿನದು ಮಾತ್ರ. ಒಂದೊಂದು ತುಣುಕು ಎರಡೂವರೆ ಸೆಕೆಂಡು ದಾಟುವಂತಿಲ್ಲ. ಹತ್ತು ಸೆಕೆಂಡಿನಲ್ಲಿ ನಮ್ಮ ಗವಾಯಿಗಳು ಷಡ್ಜ ಹಚ್ಚಿ ಕಣ್ಣು ತೆರೆಯುವುದೂ ಕಷ್ಟ. ನ್ಯೂಯಾರ್ಕಿನ ಕೆಲವು ಹುಡುಗರು ಅಷ್ಟರಲ್ಲೇ ಒಂದು ಯುಗವನ್ನು ಕಟ್ಟಿದರು.

ಅವರ ಉಪಾಯ ಬಡವರ ಮನೆಯ ಉಪಾಯ. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ಎಲ್‌ಪಿಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಯಂತ್ರಕ್ಕೆ ತುಂಬುವುದು, ಆಮೇಲೆ ಯಂತ್ರದೊಳಗೆ ಅದನ್ನು ನಿಧಾನ ಮಾಡಿ ಮೊದಲಿನ ಶ್ರುತಿಗೆ ಇಳಿಸುವುದು. ಹೀಗೆ ಮಾಡಿದರೆ ಜಾಗ ಉಳಿಯುತ್ತದೆ, ಆದರೆ ಧ್ವನಿ ಸವೆಯುತ್ತದೆ. ಡ್ರಮ್ಮಿನ ಪೆಟ್ಟಿಗೆ ಒಂದು ಒರಟುತನ, ಬಾಸ್ ತಂತಿಗೆ ಮಣ್ಣು ಮೆತ್ತಿಕೊಂಡಂಥ ಮಬ್ಬು ಬರುತ್ತದೆ. ಇಂದು ಆ ಮಬ್ಬನ್ನು ತರುವುದಕ್ಕೆಂದೇ ಜನ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುತ್ತಾರೆ.

ಹಿಪ್‌ಹಾಪಿನ ಸುವರ್ಣಯುಗವೆಂದು ಬಲ್ಲವರು ಕರೆಯುವುದು ಸುಮಾರು 1986ರಿಂದ 1995ರವರೆಗಿನ ಕಾಲವನ್ನು. ಹಿಂದೆ ಮುಂದೆ ಒಂದೆರಡು ವರ್ಷ ಎಳೆದಾಡುವವರು ಇದ್ದಾರೆ. ಆ ಜಗಳ ನಮಗೆ ಬೇಡ.

ಬೇರು ಇನ್ನೂ ಹಿಂದಿನದು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂ, 1520ನೆಯ ನಂಬರಿನ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಪುನಃ ತೆರೆಯುವ ಮುನ್ನ ಒಂದು ಪಾರ್ಟಿ ಏರ್ಪಡಿಸಿದಳು. ತಟ್ಟೆ ಹಾಕಿದವನು ಅವಳ ಅಣ್ಣ, ಜಮೈಕಾದಿಂದ ಬಂದ ಕ್ಲೈವ್. ಊರಿಗೆಲ್ಲ ಕೂಲ್ ಹರ್ಕ್. ಬ್ರಾಂಕ್ಸಿನ ನಡುವೆ ಹೆದ್ದಾರಿ ಹಾಯಿಸಿ ಓಣಿಗಳನ್ನು ಸೀಳಿದ್ದರು, ಮನೆಗಳು ಉರಿಯುತ್ತಿದ್ದವು, ಸ್ವಲ್ಪ ವರ್ಷಗಳಲ್ಲೇ ನಗರದ ಬೊಕ್ಕಸ ಬರಿದಾಗಿ ಶಾಲೆಗಳ ಸಂಗೀತ ಪಾಠಕ್ಕೂ ಕತ್ತರಿ ಬಿತ್ತು. ವಾದ್ಯ ಕೈಗೆ ಸಿಗದ ಹುಡುಗರಿಗೆ ಅಪ್ಪ ಅಮ್ಮಂದಿರ ಹಳೆಯ ತಟ್ಟೆಗಳು ಸಿಕ್ಕವು.

ಹರ್ಕ್ ಗಮನಿಸಿದ್ದು ಇಷ್ಟು: ಹಾಡು ನಿಂತು ಡ್ರಮ್ಮು ಮಾತ್ರ ನುಡಿಯುವ ನಾಲ್ಕಾರು ಸೆಕೆಂಡಿಗಾಗಿ ಜನ ಕಾಯುತ್ತಿರುತ್ತಾರೆ, ಅದು ಬಂದ ಕೂಡಲೆ ಕುಣಿಯುತ್ತಾರೆ. ಎರಡು ಟರ್ನ್‌ಟೇಬಲ್ಲುಗಳ ಮೇಲೆ ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು, ಒಂದರಲ್ಲಿ ಆ ಭಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಆರಂಭಿಸಿ, ನಾಲ್ಕು ಸೆಕೆಂಡನ್ನು ನಾಲ್ಕು ನಿಮಿಷಕ್ಕೆ ಹಿಗ್ಗಿಸಿದ. ಬ್ಯಾಂಕಿನ ನೌಕರಿಯ ನಿಮಿತ್ತ ಬೆಂಗಳೂರಿನಲ್ಲಿ ಕಳೆದ ವರ್ಷಗಳಲ್ಲಿ ನಾನು ರಾಮನವಮಿ ಕಛೇರಿಗಳಿಗೆ ತಪ್ಪದೆ ಹೋಗುತ್ತಿದ್ದೆ. ಅಲ್ಲಿ ತನಿ ಆವರ್ತನ ಆರಂಭವಾಯಿತೆಂದರೆ ಅರ್ಧ ಸಭೆ ಎದ್ದು ಕಾಫಿಗೆ ಹೋಗುತ್ತದೆ. ಬ್ರಾಂಕ್ಸಿನಲ್ಲಿ ಅದೇ ಹೊತ್ತಿಗೆ ಕೂತವರೆಲ್ಲ ಏಳುತ್ತಿದ್ದರು, ಕಾಫಿಗಲ್ಲ. ತಬಲಾದವರ ಮನೆಯಲ್ಲಿ ಹುಟ್ಟಿದ ನನಗೆ ಹರ್ಕನ ಮೇಲೆ ಪ್ರೀತಿ ಹುಟ್ಟಲು ಇಷ್ಟು ಸಾಕಾಯಿತು.

ಈ ಸಂಗೀತ ನನ್ನ ಮನೆಗೆ ಬಂದದ್ದು 1994ರಲ್ಲಿ. ನ್ಯೂಜೆರ್ಸಿಯಲ್ಲಿ ಓದುತ್ತಿದ್ದ ಅಕ್ಕನ ಮಗ ರಜೆಗೆ ಬಂದಾಗ ನಾಲ್ಕು ಕ್ಯಾಸೆಟ್ ತಂದಿದ್ದ. "ಮಾಮಾ, ಇದ್ರಾಗ ಹಾಡೋರು ಯಾರೂ ಇಲ್ಲ ನೋಡ್ರಿ, ಬರೇ ಮಾತಾಡೋರು" ಎಂದು ಮುನ್ನೆಚ್ಚರಿಕೆ ಕೊಟ್ಟೇ ಟೇಪ್‌ರೆಕಾರ್ಡರಿಗೆ ಹಾಕಿದ. ಒಂದು ಬದಿ ಮುಗಿದ ಮೇಲೆ ನಾನೆಂದೆ: "ಬರೇ ಮಾತಲ್ಲೋ ತಮ್ಮಾ. ಸಮ್ ಎಲ್ಲಿ ಐತಿ ಅಂತ ಗೊತ್ತಿದ್ದು, ಬೇಕಂತ ಅದನ್ನ ದಾಟಿ ಹೊಂಟಾನ ಅಂವಾ." ಹುಡುಗ ನಕ್ಕ. ರಜೆ ಮುಗಿಸಿ ಹೋಗುವಾಗ ಕ್ಯಾಸೆಟ್ಟುಗಳನ್ನು ಇಲ್ಲೇ ಬಿಟ್ಟ.

ಸಮ್ ದಾಟಿದವನು ರಕೀಮ್. ಎರಿಕ್ ಬಿ. ಎಂಬ ಡಿಜೆಯೊಡನೆ ಅವನು 1987ರಲ್ಲಿ ತಂದ ಆಲ್ಬಮ್ಮಿನ ಹೆಸರು 'ಪೇಡ್ ಇನ್ ಫುಲ್'. ಅದಕ್ಕೆ ಹಿಂದಿನ ರ‍್ಯಾಪಿನಲ್ಲಿ ಪ್ರಾಸ ಬಹುಮಟ್ಟಿಗೆ ಸಾಲಿನ ಕೊನೆಯಲ್ಲಿ ಬೀಳುತ್ತಿತ್ತು, ಮಕ್ಕಳ ಪದ್ಯದಂತೆ, ಇನ್ನೇನು ಬಂತು ಎಂದು ಮೊದಲೇ ತಿಳಿಯುವಂತೆ. ರಕೀಮ್ ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೆ ಇಟ್ಟ. ಒಂದು ಸಾಲಿನಲ್ಲಿ ಎರಡು ಮೂರು ಕಡೆ ಹೊಲಿದ. ವಾಕ್ಯ ಸಾಲಿನ ಕೊನೆಗೆ ನಿಲ್ಲದೆ ಮುಂದಿನದಕ್ಕೆ ಇಳಿದುಹೋಗುವಂತೆ ಮಾಡಿದ. ಬಾಲ್ಯದಲ್ಲಿ ಸ್ಯಾಕ್ಸಫೋನ್ ನುಡಿಸಿದ್ದವನು, ಜಾನ್ ಕೋಲ್ಟ್ರೇನನ ಅಭಿಮಾನಿ. ಉಸಿರಿನ ಲೆಕ್ಕ ಅಲ್ಲಿಂದ ಬಂದದ್ದು. ಎರಡನೆಯ ಅಕ್ಷರದ ಪ್ರಾಸಕ್ಕಾಗಿ ಶತಮಾನಗಳ ಕಾಲ ಹೆಣಗಿ, ಗೋವಿಂದ ಪೈಗಳ ಕಾಲಕ್ಕೆ ಅದನ್ನು ಬಿಟ್ಟು, ಸರಳರಗಳೆಯಲ್ಲಿ ಸಾಲು ದಾಟಿ ಹರಿಯಲು ಕಲಿತ ನುಡಿಯವರಾದ ನಮಗೆ ಇದು ಎಂಥ ಹೆಜ್ಜೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಕೀಮನ ನಂತರ ಬಂದವರಲ್ಲಿ ಅವನ ಋಣವಿಲ್ಲದವರು ಕಡಿಮೆ.

ಮರುವರ್ಷ, 1988ರಲ್ಲಿ, ಪಬ್ಲಿಕ್ ಎನಿಮಿ ತಂಡದ ಎರಡನೆಯ ಆಲ್ಬಮ್ ಬಂತು: 'ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್'. ಚಕ್ ಡಿ ಎಂಬವನ ಕಂಚಿನ ಕಂಠ, ಅದರ ಹಿಂದೆ ಬಾಂಬ್ ಸ್ಕ್ವಾಡ್ ಎಂಬ ನಿರ್ಮಾಪಕರ ಕೂಟ ಹತ್ತಾರು ತಟ್ಟೆಗಳಿಂದ ಕಿತ್ತು ಒಂದರ ಮೇಲೊಂದು ಪೇರಿಸಿದ ಸದ್ದು. ಸೈರನ್ನು, ಭಾಷಣದ ಚೂರು, ತುತ್ತೂರಿಯ ಚೀರಾಟ. ಸಂತೆಯ ಗದ್ದಲವೆನ್ನಿಸುತ್ತದೆ; ಕಿವಿಗೊಟ್ಟರೆ ಒಂದೊಂದು ಕೂಗೂ ತಾಳಕ್ಕೆ ಕಟ್ಟುಬಿದ್ದಿರುತ್ತದೆ. ಕಪ್ಪು ಜನರ ಓಣಿಗಳ ಪೊಲೀಸು, ಜೈಲು, ಕ್ರ್ಯಾಕ್ ಎಂಬ ಮಾದಕವಸ್ತು, ಟೆಲಿವಿಷನ್ನಿನ ಸುಳ್ಳು ಎಲ್ಲವೂ ಅದರಲ್ಲಿವೆ.

ಇದಕ್ಕೆ ತೀರ ವಿರುದ್ಧ ಸ್ವಭಾವದ ಆಲ್ಬಮ್ಮು 1989ರ ಡಿ ಲಾ ಸೋಲ್ ತಂಡದ '3 ಫೀಟ್ ಹೈ ಅಂಡ್ ರೈಸಿಂಗ್'. ಲಾಂಗ್ ಐಲೆಂಡಿನ ಮೂವರು ಹುಡುಗರು, ಜೊತೆಗೆ ಪ್ರಿನ್ಸ್ ಪಾಲ್ ಎಂಬ ನಿರ್ಮಾಪಕ. ಹೆಸರೇ ಜಾನಿ ಕ್ಯಾಶನ ನೆರೆಹಾವಳಿಯ ಹಾಡೊಂದನ್ನು ತಿರುಚಿದ್ದು. ಚಿನ್ನದ ಸರವಿಲ್ಲ, ಗುರಾಯಿಸುವ ಕಣ್ಣಿಲ್ಲ; ಹೂವಿನ ಚಿತ್ರದ ರಟ್ಟು, ಹರಟೆ, ತಮಾಷೆ. ಬಿಳಿಯರ ರಾಕ್, ಹಳ್ಳಿಹಾಡು, ಫಂಕ್, ಎಲ್ಲವೂ ಒಂದೇ ಪಾತ್ರೆಯಲ್ಲಿ. ಒಂದು ಕಡೆಯಂತೂ ಫ್ರೆಂಚ್ ಭಾಷೆ ಕಲಿಸುವ ತಟ್ಟೆಯ ಮಾತನ್ನು, 60ರ ದಶಕದ ಟರ್ಟಲ್ಸ್ ಎಂಬ ತಂಡದ ಹಾಡಿನ ಕೆಲವೇ ಸೆಕೆಂಡಿನ ಮೇಲೆ ಕೂರಿಸಿದ್ದಾರೆ. ಒಂದು ನಿಮಿಷದ ಕುಚೇಷ್ಟೆ. ನಾಲ್ಕು ಕ್ಯಾಸೆಟ್ಟುಗಳಲ್ಲಿ ನಾನು ಹೆಚ್ಚು ಸಲ ಕೇಳಿದ್ದು ಇದನ್ನೇ.

ಆ ಒಂದು ನಿಮಿಷಕ್ಕೆ ಟರ್ಟಲ್ಸ್ ತಂಡದವರು ದಾವೆ ಹೂಡಿದರು. ಅದು ಕೋರ್ಟಿನ ಹೊರಗೆ ಇತ್ಯರ್ಥವಾಯಿತು. ತೀರ್ಪಿನವರೆಗೆ ಹೋದದ್ದು ಬಿಜ್ ಮಾರ್ಕಿ ಎಂಬ ನಗೆಗಾರ ರ‍್ಯಾಪರನ ಪ್ರಕರಣ. ಗಿಲ್ಬರ್ಟ್ ಓ'ಸಲ್ಲಿವನ್ ಎಂಬ ಗಾಯಕನ ಹಾಡಿನ ತುಣುಕನ್ನು ಅವನು ಅನುಮತಿಯಿಲ್ಲದೆ ಬಳಸಿದ್ದ. 1991ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಕೆವಿನ್ ಡಫಿ ಬೈಬಲಿನ ಕಳ್ಳತನದ ಕಟ್ಟಳೆಯಿಂದಲೇ ತೀರ್ಪನ್ನು ಆರಂಭಿಸಿ, ಆಲ್ಬಮ್ಮಿನ ಮಾರಾಟ ನಿಲ್ಲಿಸಿದ್ದಲ್ಲದೆ, ಕ್ರಿಮಿನಲ್ ಮೊಕದ್ದಮೆಯ ವಿಚಾರಕ್ಕೂ ಕಡತ ಕಳಿಸಿದ. ಮೊಕದ್ದಮೆಯೇನೂ ನಡೆಯಲಿಲ್ಲ. ಬಿಜ್ ಮಾರ್ಕಿ 1993ರ ತನ್ನ ಮುಂದಿನ ಆಲ್ಬಮ್ಮಿಗೆ 'ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್' ಎಂದು ಹೆಸರಿಟ್ಟ. ಎಲ್ಲ ತುಣುಕುಗಳಿಗೂ ಅಪ್ಪಣೆ ಪಡೆದಿದೆ ಎಂದರ್ಥ.

ಅಲ್ಲಿಂದ ಲೆಕ್ಕಾಚಾರ ಬದಲಾಯಿತು. ಒಂದೊಂದು ತುಣುಕಿಗೂ ಇಬ್ಬರಿಗೆ ಹಣ: ಧ್ವನಿಮುದ್ರಣದ ಒಡೆಯರಿಗೊಂದು ಪಾಲು, ಹಾಡು ಬರೆದವರ ಪ್ರಕಾಶಕರಿಗೊಂದು ಪಾಲು. ಒಂದು ಹಾಡಿನಲ್ಲಿ ಇಪ್ಪತ್ತು ತುಣುಕು ಪೇರಿಸುವ ಬಾಂಬ್ ಸ್ಕ್ವಾಡಿನ ಶೈಲಿ ಅಸಾಧ್ಯವಾಯಿತು. ಬಂದವರು ಒಂದೆರಡು ತುಣುಕನ್ನೇ ಆರಿಸಿಕೊಂಡು ಅದನ್ನೇ ಮಸೆದರು. ಇಲ್ಲವೇ ವಾದ್ಯದವರನ್ನು ಕರೆಸಿ ಹೊಸದಾಗಿ ನುಡಿಸಿಕೊಂಡರು. 1992ರ ಕೊನೆಗೆ ಲಾಸ್ ಏಂಜಲೀಸಿನ ಡಾ. ಡ್ರೆ ಈ ಎರಡನೆಯ ದಾರಿಯಲ್ಲಿ ಬಹುದೂರ ಹೋದ. ಕಲೆಯ ಇತಿಹಾಸದಲ್ಲಿ ಶೈಲಿ ಬದಲಾಗುವುದಕ್ಕೆ ನಾವು ದೊಡ್ಡ ದೊಡ್ಡ ಕಾರಣ ಹುಡುಕುತ್ತೇವೆ. ಇಲ್ಲಿ ಕಾರಣ ವಕೀಲರ ಬಿಲ್ಲು.

ಕಾನೂನು ಅನ್ಯಾಯ ಮಾಡಿತು ಎನ್ನಲು ನನಗೆ ಪೂರ್ತಿ ಮನಸ್ಸಿಲ್ಲ. ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮಿನವನ ಕಥೆ ಕೇಳಿ. 1969ರಲ್ಲಿ ಜೇಮ್ಸ್ ಬ್ರೌನನ ತಂಡದಲ್ಲಿದ್ದಾಗ 'ಫಂಕಿ ಡ್ರಮ್ಮರ್' ಎಂಬ ಹಾಡಿನಲ್ಲಿ ಅವನು ಒಬ್ಬನೇ ಕೆಲವು ಸೆಕೆಂಡು ನುಡಿಸಿದ್ದಾನೆ. ಪಬ್ಲಿಕ್ ಎನಿಮಿಯೂ ಸೇರಿ ಲೆಕ್ಕವಿಲ್ಲದಷ್ಟು ಜನ ಆ ನುಡಿತವನ್ನು ಎತ್ತಿ ಬಳಸಿದರು. ಸುವರ್ಣಯುಗದ ನಾಡಿ ಅದು ಎಂದರೂ ಸಲ್ಲುತ್ತದೆ. ಅವನಿಗೆ ರಾಯಧನ ಬರಲಿಲ್ಲ. ಕಾಗದದ ಮೇಲೆ ಹಾಡು ಜೇಮ್ಸ್ ಬ್ರೌನನದು. ಕಾನೂನು ಬಂದ ಮೇಲೂ ಹಣ ಹೋದದ್ದು ಹಕ್ಕಿನ ಒಡೆಯರಿಗೆ, ನುಡಿಸಿದ ಕೈಗೆ ಅಲ್ಲ. ಮ್ಯಾಡಿಸನ್ ನಗರದಲ್ಲಿ ಬದುಕಿದ್ದ ಅವನ ಕ್ಯಾನ್ಸರ್ ಚಿಕಿತ್ಸೆಗೆ ಗಾಯಕ ಪ್ರಿನ್ಸ್ ಸುಮಾರು 90,000 ಡಾಲರ್ ಸದ್ದಿಲ್ಲದೆ ಕೊಟ್ಟಿದ್ದ ಸಂಗತಿ 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ ಹೊರಬಿತ್ತು. ಸ್ಟಬಲ್‌ಫೀಲ್ಡ್ 2017ರಲ್ಲಿ ತೀರಿಕೊಂಡ.

ನಮ್ಮ ತಂದೆ ನಾಟಕ ಕಂಪನಿಯಲ್ಲಿ ತಬಲಾ ನುಡಿಸುತ್ತಿದ್ದವರು. ಒಮ್ಮೆ ಮುಂಬಯಿಗೆ ಕರೆದೊಯ್ದು ರಂಗಗೀತೆಗಳ ಎರಡು ತಟ್ಟೆಗಳಿಗೆ ಅವರಿಂದ ಸಾಥಿ ಮಾಡಿಸಿದರು. ಹೋಗಿ ಬರುವ ಖರ್ಚು, ಮೇಲೆ ಹದಿನೈದು ರೂಪಾಯಿ. ತಟ್ಟೆಯ ಮೇಲೆ ಹಾಡಿದವರ ಹೆಸರಿತ್ತು, ರಾಗದ ಹೆಸರಿತ್ತು, ನಾಟಕದ ಹೆಸರಿತ್ತು. ಹಾಡಿನ ಕೊನೆಗೆ ಗಾಯಕಿ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ತಿಹಾಯಿ ಬರುತ್ತದೆ, ಅಷ್ಟೇ ಅವರದು. ಮನೆಗೆ ಬಂದವರಿಗೆ ಅದೊಂದೇ ಜಾಗಕ್ಕೆ ಸೂಜಿ ಇಟ್ಟು ಕೇಳಿಸುತ್ತಿದ್ದರು. ಅಲ್ಲಿ ತಟ್ಟೆ ಸವೆದು ಬೆಳ್ಳಗಾಗಿತ್ತು. ಬ್ರಾಂಕ್ಸಿನ ಹುಡುಗರೂ ಹೀಗೆಯೇ ಒಂದೇ ಜಾಗಕ್ಕೆ ಸೂಜಿ ಇಡುತ್ತಿದ್ದರು ಎಂದು ಓದಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತಂದೆಯ ತಿಹಾಯಿಯನ್ನು ಯಾರಾದರೂ ಎತ್ತಿಕೊಂಡು ಹಾಡು ಕಟ್ಟಿದ್ದರೆ ಅವರು ಹಣ ಕೇಳುತ್ತಿದ್ದರೋ, ಹಿಗ್ಗುತ್ತಿದ್ದರೋ? ಅವರನ್ನು ಬಲ್ಲವನಾಗಿ ಹೇಳುವುದಾದರೆ, ಮೊದಲು ಹಿಗ್ಗಿ ಆಮೇಲೆ ಕೇಳುತ್ತಿದ್ದರು.

ವಾದ್ಯದವರನ್ನು ಗೌರವಿಸಿ ಕರೆದವರೂ ಇದ್ದರೆನ್ನಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡ 1991ರ 'ದಿ ಲೋ ಎಂಡ್ ಥಿಯರಿ'ಯ ಒಂದು ಹಾಡಿಗೆ ಮೈಲ್ಸ್ ಡೇವಿಸನ ಜೊತೆ ನುಡಿಸಿದ್ದ ಹಿರಿಯ ಬಾಸ್ ವಾದಕ ರಾನ್ ಕಾರ್ಟರನನ್ನು ಕರೆಸಿತು. ಬೈಗುಳವಿರಬಾರದು ಎಂಬುದು ಅವರ ಷರತ್ತು. ಆ ಆಲ್ಬಮ್ಮಿನಲ್ಲಿ ಬಾಸೇ ನಾಯಕ. ಮೇಲಿನ ಅಲಂಕಾರಗಳನ್ನೆಲ್ಲ ಇಳಿಸಿದ್ದಾರೆ. 1994ರ ಏಪ್ರಿಲ್ 19ರಂದು ನಾಸ್ ಎಂಬ ಇಪ್ಪತ್ತರ ಹುಡುಗನ 'ಇಲ್‌ಮ್ಯಾಟಿಕ್' ಬಂದಾಗ ಅದರ ಒಂದು ಹಾಡಿನ ಕೊನೆಗೆ ಕಾರ್ನೆಟ್ ಊದಿದವನು ಅವನ ತಂದೆ ಓಲು ದಾರಾ. ಒಟ್ಟು 40 ನಿಮಿಷದ ಆಲ್ಬಮ್ಮು, ಕ್ವೀನ್ಸ್‌ಬ್ರಿಜ್ ಎಂಬ ಸರಕಾರಿ ವಸತಿಯ ಕಿಟಕಿಯಿಂದ ಕಂಡಷ್ಟೇ ಪ್ರಪಂಚ; ಆದರೆ ಜೈಲಿನ ಗೆಳೆಯನಿಗೆ ಬರೆದ ಕಾಗದದ ರೂಪದ ಹಾಡಿನಲ್ಲಿ ಒಂದು ಸಣ್ಣ ಕಥೆಯ ಸಂಯಮವಿದೆ. ನನ್ನನ್ನು ಒಂದನ್ನೇ ಆರಿಸೆಂದರೆ ಇದನ್ನೇ ಆರಿಸುತ್ತೇನೆ, ಹೆಚ್ಚು ಕೇಳಿದ್ದು ಇನ್ನೊಂದಾದರೂ. ಕುಂಗ್‌ಫೂ ಚಿತ್ರಗಳ ಮಾತನ್ನು ಬೆರೆಸಿದ ವೂ-ಟ್ಯಾಂಗ್ ಕ್ಲ್ಯಾನ್ ತಂಡದ 1993ರ ಆಲ್ಬಮ್ಮಿಗೂ ದೊಡ್ಡ ಹೆಸರಿದೆ. ನನಗೆ ಅಷ್ಟು ಹಿಡಿಸಲಿಲ್ಲ.

ಈ ಯುಗವನ್ನು ಹೊಗಳುವಾಗ ಹೆಂಗಸರ ಬಗ್ಗೆ ಅದರಲ್ಲಿರುವ ಕೀಳು ಮಾತುಗಳನ್ನು ನುಂಗಿಕೊಳ್ಳುವುದು ಸಲ್ಲದು. ಎನ್‌.ಡಬ್ಲ್ಯೂ.ಎ. ತಂಡದಲ್ಲಿ ಪೊಲೀಸರ ಮೇಲಿನ ಸಿಟ್ಟು ನ್ಯಾಯದ್ದೇ. ಹುಡುಗಿಯರ ಮೇಲಿನದು ಯಾವ ನ್ಯಾಯದ್ದು? ಆ ಕಾಲದಲ್ಲೇ ಎಂಸಿ ಲೈಟ್ 1988ರಲ್ಲಿ, ಕ್ವೀನ್ ಲತೀಫಾ 1989ರಲ್ಲಿ ತಮ್ಮ ಮೊದಲ ಆಲ್ಬಮ್ಮುಗಳನ್ನು ತಂದು ಸರಿಸಮ ನಿಂತರು ಎಂಬುದನ್ನು ಪಟ್ಟಿ ಮಾಡುವ ಗಂಡಸರು ಮರೆಯುತ್ತಾರೆ.

ಮುಂದೆ ನಮ್ಮ ದೇಶಕ್ಕೂ ಈ ವ್ಯಾಜ್ಯದ ಬಾಲ ತಾಗಿತು. 1981ರ 'ಜ್ಯೋತಿ' ಚಿತ್ರಕ್ಕೆ ಬಪ್ಪಿ ಲಾಹಿರಿ ಸ್ವರ ಹಾಕಿ ಲತಾ ಮಂಗೇಶ್ಕರ್ ಹಾಡಿದ ಹಾಡಿನ ಭಾಗವನ್ನು 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಅಮೆರಿಕದ ಗಾಯಕಿಯ ಹಾಡಿನಲ್ಲಿ ಹೇಳದೆ ಕೇಳದೆ ಬಳಸಿದರು. ವ್ಯಾಜ್ಯವಾಗಿ, 2003ರಲ್ಲಿ ಲಾಹಿರಿಯವರ ಹೆಸರು ಹಾಕದೆ ತಟ್ಟೆ ಮಾರಬಾರದೆಂದು ಅಲ್ಲಿನ ಕೋರ್ಟು ಹೇಳಿತು. ಕನ್ನಡದಲ್ಲಿ ಆಲ್ ಓಕೆ, ಚಂದನ್ ಶೆಟ್ಟಿ ಮುಂತಾದವರು ರ‍್ಯಾಪನ್ನು ಮನೆಮಾತಾಗಿಸಿದ್ದಾರೆ. ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ 2013ರಲ್ಲಿ ನಾಸನ ಹೆಸರಿನಲ್ಲಿ ಫೆಲೋಶಿಪ್ ಸ್ಥಾಪಿಸಿತು. 2018ರಲ್ಲಿ ಕೆಂಡ್ರಿಕ್ ಲಮಾರನಿಗೆ ಸಂಗೀತದ ಪುಲಿಟ್ಜರ್ ಬಂತು.

ಡಿ ಲಾ ಸೋಲ್ ತಂಡಕ್ಕೆ ಮಾತ್ರ ಬೇರೆಯೇ ಗತಿ. 1989ರಲ್ಲಿ ತುಣುಕುಗಳಿಗಾಗಿ ಮಾಡಿಕೊಂಡ ಒಪ್ಪಂದಗಳಲ್ಲಿ ತಟ್ಟೆ, ಕ್ಯಾಸೆಟ್ಟುಗಳ ಮಾತಿತ್ತು. ಮುಂದೆ ಅಂತರ್ಜಾಲ ಬಂದೀತೆಂದು ಬರೆದವರಿಗೆ ಹೊಳೆದಿರಲಿಲ್ಲ. ಹೀಗಾಗಿ ಇಡೀ ಜಗತ್ತಿನ ಸಂಗೀತ ಫೋನಿಗೆ ಬಂದರೂ ಇವರ ಹೆಸರಾಂತ ಆಲ್ಬಮ್ಮುಗಳು ಬರಲಿಲ್ಲ. 2014ರಲ್ಲಿ ಬೇಸತ್ತು ತಾವೇ ಒಂದು ದಿನದ ಮಟ್ಟಿಗೆ ಎಲ್ಲವನ್ನೂ ಪುಕ್ಕಟೆ ಹಂಚಿದರು. ಹಕ್ಕುಗಳು ಕೈಯಿಂದ ಕೈಗೆ ಹೋಗಿ, ಕಡೆಗೆ 2023ರ ಮಾರ್ಚ್ 3ರಂದು ಅವು ಅಂತರ್ಜಾಲಕ್ಕೆ ಬಂದವು. ಮೂವರಲ್ಲಿ ಒಬ್ಬನಾದ ಡೇವಿಡ್ ಜೋಲಿಕೋರ್ ಅದೇ ಫೆಬ್ರವರಿ 12ರಂದು ತೀರಿಕೊಂಡಿದ್ದ. 54 ವರ್ಷ.

ಅಂದು ಅಕ್ಕನ ಮಗ ನ್ಯೂಜೆರ್ಸಿಯಿಂದ ಫೋನು ಮಾಡಿದ. "ಮಾಮಾ, ಬಂತ್ರಿ. ಕೇಳಿದ್ರೇನು?" ಎಂದ. ಕ್ಯಾಸೆಟ್ ಇನ್ನೂ ಇದೆ, ಎರಡನೇ ಬದಿ ಸ್ವಲ್ಪ ಎಳೆಯುತ್ತದೆ ಎಂದೆ. "ಎಲ್ಲಿ ಎಳೀತದ?" ಎಂದು ಕೇಳಿದ. ಫೋನನ್ನು ಟೇಪ್‌ರೆಕಾರ್ಡರಿನ ಹತ್ತಿರ ಹಿಡಿದೆ.